ಬೋರ್‌ವೆಲ್ ಸ್ಟಾರ್ಟರ್‌ಗೆ ಮೊಬೈಲ್ ಕಂಟ್ರೋಲರ್: 25 ಪೀಸಿಂದ 200ಕ್ಕೆ ಹೋಗೋ ಮುಂಚೆ ಏನೇನು ಸರಿಮಾಡ್ಬೇಕು?

ಚಿಂತಾಮಣಿ_ಮೂರುಫೇಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತ್ರೀ ಫೇಸ್ ಸಬ್‌ಮರ್ಸಿಬಲ್ ಪಂಪ್‌ಸೆಟ್ಟನ್ನ ಮೊಬೈಲಿಂದ ಆನ್-ಆಫ್ ಮಾಡೋ ಕಂಟ್ರೋಲರ್ ನಮ್ಮದು. ಮೂರು ಜನ ಇದ್ದೀವಿ, ಕೆಲಸ ಚಿಂತಾಮಣಿಯಲ್ಲಿ. ಸದ್ಯದ ಸ್ಥಿತಿ ಇಷ್ಟು:

ಬೋರ್ಡಲ್ಲಿ ಇಎಸ್‌ಪಿ32 (ವೈಫೈ-ಬ್ಲೂಟೂತ್ ಇರೋ ಮೈಕ್ರೋಕಂಟ್ರೋಲರ್), ಸಿಮ್800ಎಲ್ ಮೋಡೆಮ್, 230 ವೋಲ್ಟಿನ ಹೈ-ಲಿಂಕ್ ಪವರ್ ಮಾಡ್ಯೂಲ್, ಸ್ಟಾರ್ಟ್‌ಗೊಂದು ಸ್ಟಾಪ್‌ಗೊಂದು ನೀಲಿ ರಿಲೇ, ಒಂದು ಫೇಸ್‌ಗೆ ಸಿಟಿ (ಆಂಪ್ ಅಳೆಯೋ ಕರೆಂಟ್ ಟ್ರಾನ್ಸ್‌ಫಾರ್ಮರ್), 14ಡಿ471ಕೆ ಎಂಒವಿ (ವೋಲ್ಟೇಜ್ ದಿಢೀರ್ ಏರಿದಾಗ ಅದನ್ನ ಹೀರೋ ಪಾರ್ಟ್) ಇದೆ. ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಮೂರೂ ತಾಲ್ಲೂಕು ಸೇರಿ 25 ಪೀಸ್ ಹೊಲದಲ್ಲಿವೆ. ಸಿಮ್‌ಗಳು ನಮ್ಮ ಮೂವರ ಮತ್ತು ಮನೆಯವರ ಹೆಸರಲ್ಲಿವೆ.

ಆರು ತಿಂಗಳಲ್ಲಿ 9 ಪೀಸ್ ಕೆಟ್ಟಿವೆ. 4ರಲ್ಲಿ ಪವರ್ ಮಾಡ್ಯೂಲ್ ಸುಟ್ಟಿದೆ. 3ರಲ್ಲಿ ಆಫ್ ಕೊಟ್ಟರೂ ಮೋಟಾರ್ ನಿಲ್ಲಲಿಲ್ಲ, ನಿಂತರೂ ಎರಡು ಸೆಕೆಂಡಲ್ಲಿ ಮತ್ತೆ ಎದ್ದಿತು. 2ರಲ್ಲಿ ಎಂಒವಿ ಹೊಗೆಯಾಡಿದೆ. ಡ್ರೈ ರನ್ (ನೀರಿಲ್ಲದೆ ಮೋಟಾರ್ ಓಡೋದು) ರಕ್ಷಣೆ ಕೆಲವು ಕಡೆ ಸುಮ್ಮಸುಮ್ಮನೆ ಟ್ರಿಪ್ ಆಗುತ್ತೆ, ಕೆಲವು ಕಡೆ ಹಿಡಿಯೋದೇ ಇಲ್ಲ. ಒಂದು ಕಡೆ ಫೇಸ್ ಹೋದದ್ದು ಗೊತ್ತೇ ಆಗದೆ ಮೋಟಾರ್ ಸುಟ್ಟಿತು.

ಒಂದು ಪೀಸಿಗೆ ಖರ್ಚು ₹2,350, ಮಾರೋದು ಜಿಎಸ್‌ಟಿ ಸೇರಿ ₹5,500. ಕಂಪನಿ ಇನ್ನೂ ರಿಜಿಸ್ಟರ್ ಮಾಡಿಸಿಲ್ಲ. ಮುಂದಿನ ಬೇಸಿಗೆಗೆ 200 ಪೀಸ್ ಹಾಕ್ಬೇಕು ಅಂತಿದೆ. ಮೊದಲು ಗ್ರಾಂಟಿಗೆ ಅರ್ಜಿ ಹಾಕೋದಾ, ಇನ್ವೆಸ್ಟರ್ ಹುಡುಕೋದಾ? ಬೋರ್ಡಲ್ಲಿ ಏನು ಬದಲಾಯಿಸ್ಬೇಕು?

---

ಮಾಲೂರು_ಪ್ಯಾನೆಲ್ ಉತ್ತರ:

ಮೂರನೇ ಪ್ರಶ್ನೆಯಿಂದ ಶುರುಮಾಡ್ತೀನಿ, ಯಾಕಂದ್ರೆ ಈ ಬೋರ್ಡ್ ಇಟ್ಟುಕೊಂಡು 200 ಹಾಕಿದ್ರೆ 70 ಕಡೆಯಿಂದ ಫೋನ್ ಬರುತ್ತೆ. ನೀವು ಕೊಟ್ಟಿರೋ 9 ಕೇಸೂ, ಡ್ರೈ ರನ್ ಮತ್ತು ಫೇಸ್ ತೊಂದರೆಯೂ ಸೇರಿ ನಾಲ್ಕು ಸರಳ ಕಾರಣಗಳಿಗೆ ಇಳಿಯುತ್ತೆ ಅನ್ನೋದೊಂದು ಸಮಾಧಾನ.

ಮೊದಲನೇದು ನ್ಯೂಟ್ರಲ್. ಹೈ-ಲಿಂಕ್ ಮಾಡ್ಯೂಲ್ ತಡೆಯೋದು 265 ವೋಲ್ಟ್ ತನಕ. ಹೊಲದ ಐಪಿ ಸೆಟ್ಟಿಗೆ (ನೀರಾವರಿ ಪಂಪ್‌ಸೆಟ್) ಎಷ್ಟೋ ಕಡೆ ಬರೋದು ಬರೀ ಮೂರು ಫೇಸ್; ನ್ಯೂಟ್ರಲ್ ಇರಲ್ಲ, ಇದ್ದರೂ ಜಾಯಿಂಟ್ ಲೂಸ್. ಫಿಟ್ ಮಾಡೋನು ಸ್ಟಾರ್ಟರ್ ಪೆಟ್ಟಿಗೆಯ ಅರ್ಥಿಂಗನ್ನೇ ನ್ಯೂಟ್ರಲ್ ಅಂತ ಹಾಕಿರ್ತಾನೆ. ಮಾರ್ಚಲ್ಲಿ ಅರ್ಥಿಂಗ್ ಗುಂಡಿ ಒಣಗಿದಾಗ ಆ ಪಾಯಿಂಟ್ ತೇಲಾಡುತ್ತೆ, ಮಾಡ್ಯೂಲ್ ಮೇಲೆ ಎಷ್ಟು ಬೇಕಾದರೂ ವೋಲ್ಟೇಜ್ ಬೀಳಬಹುದು. ಆ 4 ಸುಟ್ಟಿರೋದು ಹೀಗೇ. ಪರಿಹಾರ: ನ್ಯೂಟ್ರಲ್ಲನ್ನ ಮರೆತುಬಿಡಿ, ಎರಡು ಫೇಸ್ ಮಧ್ಯದಿಂದಲೇ ಸಪ್ಲೈ ತಗೊಳ್ಳಿ. ಸುಲಭದ ದಾರಿ ಅಂದ್ರೆ 10 ವಿಎ ಕಬ್ಬಿಣದ ಟ್ರಾನ್ಸ್‌ಫಾರ್ಮರ್. 415ಕ್ಕೆ 15 ವೋಲ್ಟ್ ಬರೋ ಹಾಗೆ, ಪ್ರೈಮರಿ 500ಕ್ಕೂ ಕಾಯದೆ ತಡೆಯೋ ಹಾಗೆ ಸುತ್ತಿಸಿ. ಲೈನ್ 280ಕ್ಕೆ ಬಿದ್ರೂ ನಿಮಗೆ 10 ವೋಲ್ಟ್ ಎಸಿ ಸಿಗುತ್ತೆ. 550ಕ್ಕೆ ಏರಿದ್ರೆ 20 ವೋಲ್ಟ್ ಎಸಿ, ಅಂದ್ರೆ ರೆಕ್ಟಿಫೈ ಆದಮೇಲೆ 28 ವೋಲ್ಟ್ ಡಿಸಿ. ಅದರ ಮುಂದೆ 60 ವೋಲ್ಟ್ ತಡೆಯೋ ಬಕ್ ಕನ್ವರ್ಟರ್ (ಡಿಸಿ ವೋಲ್ಟೇಜ್ ಇಳಿಸೋ ಸರ್ಕ್ಯೂಟ್) ಹಾಕಿ. ತೂಕ ಜಾಸ್ತಿ, ನೋಡೋಕೆ ಹಳೇ ಕಾಲದ್ದು, ಆದರೆ ಹೊಲದಲ್ಲಿ ಬದುಕುತ್ತೆ. ಟ್ರಾನ್ಸ್‌ಫಾರ್ಮರ್ ಬದಲು ಎಸ್‌ಎಂಪಿಎಸ್ಸೇ (ಸ್ವಿಚಿಂಗ್ ಪವರ್ ಸಪ್ಲೈ) ಬೇಕಂದ್ರೆ 550 ವೋಲ್ಟ್ ಎಸಿಗೆ ಪೀಕ್ 778 ವೋಲ್ಟ್ ಆಗುತ್ತೆ ಅನ್ನೋದನ್ನ ಲೆಕ್ಕ ಇಟ್ಟು, 450 ವೋಲ್ಟಿನ ಎರಡು ಕೆಪಾಸಿಟರ್ ಸೀರೀಸ್‌ನಲ್ಲಿ ಹಾಕಿ, ಎರಡರ ಮೇಲೂ ಬ್ಯಾಲೆನ್ಸಿಂಗ್ ರೆಸಿಸ್ಟರ್ ಕೊಡಿ.

ಎರಡನೇದು ಎಂಒವಿ. 471 ಅನ್ನೋದು 300 ವೋಲ್ಟ್ ಎಸಿಗೆ. ಅದನ್ನ ಫೇಸ್-ಫೇಸ್ ಮಧ್ಯೆ ಹಾಕಿದ್ರೆ ಸಿಡಿಲು ಬರೋವರೆಗೂ ಕಾಯೋದಿಲ್ಲ, ಮಾಮೂಲಿ ಕರೆಂಟಿಗೇ ಬೇಯುತ್ತೆ. 20ಡಿ821ಕೆ 510 ವೋಲ್ಟ್ ಎಸಿ ತಡೆಯುತ್ತೆ. ಟಿಸಿ (ಲೈನಿನ ಟ್ರಾನ್ಸ್‌ಫಾರ್ಮರ್) ಪಕ್ಕದಲ್ಲೇ ಇರೋ ಸೆಟ್‌ಗಳಿಗೆ, ಅಕ್ಕಪಕ್ಕದ ಮೋಟಾರೆಲ್ಲ ಆಫ್ ಆದಾಗ ವೋಲ್ಟೇಜ್ ಏರೋ ಕಡೆ, 20ಡಿ102ಕೆ ಹಾಕಿ. ಪ್ರತಿ ಫೇಸಿಗೂ ಎಂಒವಿಗಿಂತ ಮುಂದೆ 1 ಅಥವಾ 2 ಆಂಪಿನ ಫ್ಯೂಸ್ ಇರಲೇಬೇಕು. ಎಂಒವಿ ಸಾಯೋವಾಗ ಶಾರ್ಟ್ ಆಗಿ ಸಾಯುತ್ತೆ. ಫ್ಯೂಸ್ ಇಲ್ಲದಿದ್ರೆ ನಿಮಗೆ ಸಿಗೋದು ಹೊಗೆ.

ಮೂರನೇದು ಅಂಟಿಕೊಳ್ಳೋ ರಿಲೇ. ಇದನ್ನ ಸ್ವಲ್ಪ ಹತ್ತಿರದಿಂದ ನೋಡಿ. ಸ್ಟಾರ್ಟರ್ ಕಾಯಿಲ್ 415 ವೋಲ್ಟಿಂದು. ನಿಮ್ಮ ನೀಲಿ ರಿಲೇ ಮೈಮೇಲೆ ಬರೆದಿರೋದು 10 ಆಂಪ್, 250 ವೋಲ್ಟ್ ಎಸಿ. ಕಾಯಿಲ್ ತಗೊಳ್ಳೋದು ಒಂದು ಆಂಪಿನ ಚೂರು, ಹಾಗಾಗಿ 10 ಆಂಪ್ ಧಾರಾಳ ಆಯ್ತು ಅನ್ಸುತ್ತೆ. ಇಲ್ಲಿ ಕೊಲ್ಲೋದು ಆಂಪ್ ಅಲ್ಲ. ಕಾಯಿಲ್ ಬಿಟ್ಟಾಗ ಅದು ವಾಪಸ್ ಒದೆಯುತ್ತೆ, ಆ ಕಿಡಿಯನ್ನ ಆರಿಸುವಷ್ಟು ಅಂತರ ಆ ಪುಟ್ಟ ಕಾಂಟ್ಯಾಕ್ಟಲ್ಲಿಲ್ಲ. ಕೆಲವು ನೂರು ಸಲ ಆದಮೇಲೆ ತುದಿ ಕರಗಿ ಅಂಟಿಕೊಳ್ಳುತ್ತೆ. ಈಗ ನಿಮ್ಮ ವೈರಿಂಗ್ ನೆನಪಿಸಿಕೊಳ್ಳಿ: ಸ್ಟಾರ್ಟ್ ರಿಲೇ ಹಸಿರು ಬಟನ್‌ಗೆ ಪ್ಯಾರಲಲ್, ಸ್ಟಾಪ್ ರಿಲೇ ಕೆಂಪು ಬಟನ್‌ಗೆ ಸೀರೀಸ್. ಸ್ಟಾರ್ಟ್ ರಿಲೇ ಅಂಟಿದೆ ಅಂದ್ರೆ ಹಸಿರು ಬಟನ್ ಯಾರೋ ಒತ್ತಿ ಹಿಡಿದ ಹಾಗೆ. ಸ್ಟಾಪ್ ರಿಲೇ ಎರಡು ಸೆಕೆಂಡ್ ಬಿಡಿಸುತ್ತೆ, ಮೋಟಾರ್ ನಿಲ್ಲುತ್ತೆ, ಸ್ಟಾಪ್ ಮತ್ತೆ ಕೂಡಿದ ತಕ್ಷಣ ಮೋಟಾರ್ ಎದ್ದು ಕೂರುತ್ತೆ. ನೀವು ಬರೆದಿರೋ "ಎರಡು ಸೆಕೆಂಡ್" ಇದೇ.

ಮಾಡ್ಬೇಕಾದ್ದು ಮೂರು. 440 ವೋಲ್ಟ್ ರೇಟಿಂಗ್ ಇರೋ ರಿಲೇ, ಇಲ್ಲವೇ ಸಣ್ಣ ಆಕ್ಸಿಲರಿ ಕಾಂಟ್ಯಾಕ್ಟರ್ ಮಧ್ಯೆ ಹಾಕಿ. ಕಾಯಿಲ್‌ಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸ್ನಬ್ಬರ್ (ಕಿಡಿ ತಗ್ಗಿಸೋ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಕೊಡಿ, ಕೆಪಾಸಿಟರ್ 415 ಎಸಿ ಲೈನ್‌ಗೆ ಸಲ್ಲುವಂಥದ್ದೇ ಇರಲಿ. ಫರ್ಮ್‌ವೇರಲ್ಲಿ, ಸ್ಟಾಪ್ ಕೊಟ್ಟು ಬಿಟ್ಟ ಮೇಲೆ ಸಿಟಿಯಲ್ಲಿ ಮತ್ತೆ ಆಂಪ್ ಕಂಡರೆ ಸ್ಟಾಪ್ ರಿಲೇಯನ್ನ ಬಿಡಿಸಿದ ಹಾಗೇ ಹಿಡಿದಿಟ್ಟು ರೈತನಿಗೆ ಮೆಸೇಜ್ ಹಾಕಿ.

ನಾಲ್ಕನೇದು ಸೆನ್ಸಿಂಗ್. ಮೂರು ಫೇಸ್ ವೋಲ್ಟೇಜ್ ನೋಡಿ "ಫೇಸ್ ಇದೆ" ಅಂತ ತೀರ್ಮಾನ ಮಾಡೋದು ಮೋಟಾರ್ ನಿಂತಿದ್ದಾಗ ಸರಿ. ಓಡ್ತಿರೋ ಮೋಟಾರ್‌ಗೆ ಒಂದು ಫೇಸ್ ಹೋದ್ರೆ, ಆ ಮೋಟಾರೇ ಹೋದ ಫೇಸಲ್ಲಿ ಸುಮಾರಾದ ವೋಲ್ಟೇಜ್ ಹುಟ್ಟಿಸುತ್ತೆ. ನಿಮ್ಮ ಬೋರ್ಡಿಗೆ ಎಲ್ಲ ಸರಿ ಕಾಣುತ್ತೆ, ಕೆಳಗೆ ವೈಂಡಿಂಗ್ ಬೇಯ್ತಿರುತ್ತೆ. ಆಂಪಲ್ಲೇ ಹಿಡೀಬೇಕು. ಎರಡು ಸಿಟಿ ಸಾಕು. ನ್ಯೂಟ್ರಲ್ ಇಲ್ಲದ ಲೈನಲ್ಲಿ ಮೂರೂ ಕರೆಂಟ್ ಕೂಡಿದ್ರೆ ಸೊನ್ನೆ, ಹಾಗಾಗಿ ಮೂರನೇದನ್ನ ಎರಡು ಸಿಟಿಯ ಸ್ಯಾಂಪಲ್‌ಗಳಿಂದ ಲೆಕ್ಕ ಹಾಕಬಹುದು. ಯಾವುದಾದರೂ ಒಂದು ಸೊನ್ನೆಗೆ ಹೋಗಿ ಉಳಿದೆರಡು ಸಮ ಆದ್ರೆ 2-3 ಸೆಕೆಂಡಲ್ಲಿ ಟ್ರಿಪ್ ಮಾಡಿ.

ಅದೇ ಎರಡು ಸಿಟಿ ಮತ್ತು ಎರಡು ಲೈನ್ ವೋಲ್ಟೇಜಿಂದ ಕಿಲೋವ್ಯಾಟೂ ಸಿಗುತ್ತೆ, ಅದು ಎರಡು ವ್ಯಾಟ್‌ಮೀಟರ್ ವಿಧಾನ. ಡ್ರೈ ರನ್ನನ್ನ ಆಂಪಲ್ಲಿ ನೋಡ್ಬೇಡಿ, ಕಿಲೋವ್ಯಾಟಲ್ಲಿ ನೋಡಿ. ಸಬ್‌ಮರ್ಸಿಬಲ್ ಮೋಟಾರ್ ನೀರಿಲ್ಲದೆ ತಿರುಗಿದ್ರೂ ಮ್ಯಾಗ್ನೆಟೈಸಿಂಗ್ ಕರೆಂಟ್ ಎಳೀತಾನೇ ಇರುತ್ತೆ, ಆಂಪ್ ನೀವಂದುಕೊಂಡಷ್ಟು ಇಳಿಯಲ್ಲ. ಲೈನ್ ವೋಲ್ಟೇಜ್ ಇಳಿದ್ರೆ ಅದೇ ಆಂಪ್ ಏರುತ್ತೆ. ಎರಡೂ ಸೇರಿ ನಿಮ್ಮ ಲೆಕ್ಕ ಕೆಡಿಸುತ್ತೆ. ಫಿಟ್ ಮಾಡಿದ ದಿನ ಪೈಪಲ್ಲಿ ತುಂಬು ನೀರು ಬರ್ತಿರೋವಾಗ ಹತ್ತು ನಿಮಿಷ ಕಲಿಸಿ, ಅದರ ಶೇ 75ಕ್ಕಿಂತ ಕೆಳಗೆ 15 ಸೆಕೆಂಡ್ ಇದ್ದರೆ ಟ್ರಿಪ್. ಸ್ಟಾರ್ಟ್ ಆದ ಮೊದಲ ಒಂದು ನಿಮಿಷ ಲೆಕ್ಕಕ್ಕೆ ಹಿಡೀಬೇಡಿ.

ಟ್ರಿಪ್ ಆದಮೇಲೆ ಮತ್ತೆ ಯಾವಾಗ ಎಬ್ಬಿಸೋದು ಅನ್ನೋದೇ ಕೋಲಾರ ಸೀಮೆಯ ನಿಜವಾದ ಪ್ರಶ್ನೆ. ಇಲ್ಲಿ ಬೋರು ಅರ್ಧ ಗಂಟೆ ಹೊಡೆದು, ನಿಂತು, ಮತ್ತೆ ಊರಿಕೊಳ್ಳುತ್ತೆ. ತ್ರೀ ಫೇಸ್ ಸಿಗೋದೇ ದಿನಕ್ಕೆ 7 ಗಂಟೆ. ಎಲ್ಲ ಬೋರಿಗೂ ಒಂದೇ ಗಂಟೆ ಅಂತ ಇಟ್ಟರೆ ಒಬ್ಬನಿಗೆ ನೀರು ನಷ್ಟ, ಇನ್ನೊಬ್ಬನಿಗೆ ಮೋಟಾರ್ ನಷ್ಟ. ಮೊದಲು 30 ನಿಮಿಷ ಕಾಯಿರಿ; ಎದ್ದಮೇಲೆ ಹತ್ತು ನಿಮಿಷದೊಳಗೆ ಮತ್ತೆ ಟ್ರಿಪ್ ಆದ್ರೆ 60, ಆಮೇಲೆ 90. ಚೆನ್ನಾಗಿ ಓಡಿದ್ರೆ ಕಡಿಮೆ ಮಾಡ್ತಾ ಬನ್ನಿ. ಬೋರು ತನ್ನ ಲೆಕ್ಕ ತಾನೇ ಹೇಳುತ್ತೆ.

ಕರೆಂಟ್ ಬಂದ ಕೂಡಲೇ ಆಟೋದಲ್ಲಿ ಎಬ್ಬಿಸಬೇಡಿ. ಒಂದೇ ಟಿಸಿ ಮೇಲೆ ನಿಮ್ಮದೇ ಐದು ಪೆಟ್ಟಿಗೆ ಇದ್ದು ಐದೂ ಒಟ್ಟಿಗೆ ಎದ್ದರೆ, ಒಂದೊಂದೂ ಆರು ಪಟ್ಟು ಆಂಪ್ ಎಳೆದು ಟಿಸಿ ಫ್ಯೂಸ್ ಹಾರುತ್ತೆ. 30ರಿಂದ 180 ಸೆಕೆಂಡ್ ಒಳಗೆ ಪ್ರತಿ ಬೋರ್ಡೂ ಬೇರೆಬೇರೆ ಹೊತ್ತು ಕಾಯಲಿ.

ಇಷ್ಟೂ ಮಾಡಿದ್ರೆ ಪೀಸಿಗೆ ₹550 ಹತ್ತಿರ ಜಾಸ್ತಿ ಆಗಬಹುದು. ಉಳಿಸೋಕೆ ಹೋಗ್ಬೇಡಿ.

---

ಸಿರಾ_ಸಿಗ್ನಲ್ ಉತ್ತರ:

ಮೇಲಿನವರು ಮೋಡೆಮ್ ಮುಟ್ಟಿಲ್ಲ, ನಾನು ಸೇರಿಸ್ತೀನಿ.

ಸಿಮ್ ಲೆಕ್ಕ ಮೊದಲು. ಒಬ್ಬರ ಹೆಸರಲ್ಲಿ 9 ಸಿಮ್ ಮಾತ್ರ. ಮೂವರಿಗೆ 27, ಅದರಲ್ಲಿ ನಿಮ್ಮ ಸ್ವಂತ ನಂಬರುಗಳೂ ಸೇರಿವೆ. 25ಕ್ಕೇ ಮನೆಯವರ ಹೆಸರು ಎಳೆದು ತಂದಿದ್ದೀರಿ ಅಂದ್ರೆ 200 ಈ ದಾರೀಲಿ ಆಗೋ ಮಾತಲ್ಲ. ನಾಳೆ ಯಾರದೋ ಹೊಲದಿಂದ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದ್ರೂ ಕೇಸು ನಿಮ್ಮ ತಾಯಿಯವರ ಹೆಸರಿಗೆ. ಕಂಪನಿ ಹೆಸರಲ್ಲಿ ಎಂ2ಎಂ (ಯಂತ್ರಗಳಿಗೇ ಅಂತ ಕೊಡೋ) ಸಿಮ್ ತಗೊಳ್ಳಿ, 13 ಅಂಕಿಯ ನಂಬರ್ ಬರುತ್ತೆ. ಅದರಿಂದ ಮೆಸೇಜ್, ಕರೆ ಎಲ್ಲ ಮೊದಲೇ ನಿಗದಿ ಮಾಡಿದ ನಂಬರಿಗೆ ಮಾತ್ರ, ಹಾಗಾಗಿ "ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಆನ್" ಅನ್ನೋ ಫೀಚರ್ ಬೋರ್ಡಲ್ಲಿ ಇಡಬೇಡಿ, ಸರ್ವರ್ ಕಡೆ ಇಡಿ. ಸಿಮ್ ಸಮೇತ ಸೇವೆ ಮಾರೋದಾದ್ರೆ ದೂರಸಂಪರ್ಕ ಇಲಾಖೆಯಲ್ಲಿ ಎಂ2ಎಂ ಸೇವಾದಾರ ಅಂತ ನೋಂದಣಿ ಬೇಕು, 2022ರಿಂದ ಇದೆ. ಸರ್ವರಿಂದ ರೈತರಿಗೆ ಎಸ್‌ಎಂಎಸ್ ಕಳಿಸೋಕೆ ಡಿಎಲ್‌ಟಿ (ಟೆಲಿಕಾಂ ಕಂಪನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆ) ನೋಂದಣಿ, ಹೆಡರ್ (ಕಳಿಸೋರ ಹೆಸರು), ಟೆಂಪ್ಲೇಟ್ (ಮೆಸೇಜಿನ ಮಾದರಿ) ಮೂರೂ ಬೇಕು. ಕನ್ನಡದ ಟೆಂಪ್ಲೇಟ್ ಹಾಕೋವಾಗ ಯೂನಿಕೋಡ್ ಆಯ್ಕೆ ಮರೀಬೇಡಿ. ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಅಷ್ಟೇ, 71 ಆದ್ರೆ ಎರಡರ ದುಡ್ಡು.

ಸಿಮ್800ಎಲ್ ಬರೀ 2ಜಿ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಈಗ ಮಾಡೋ ಬೋರ್ಡ್ ಐದು ವರ್ಷ ಹೊಲದಲ್ಲಿರಬೇಕಂದ್ರೆ 4ಜಿ ಕ್ಯಾಟ್-1 (ಕಡಿಮೆ ವೇಗದ 4ಜಿ) ಮಾಡ್ಯೂಲ್ ಹಾಕಿ, ಎ7670ಸಿ ಅಥವಾ ಇಸಿ200ಯು ತರದ್ದು. ಖರ್ಚು ಜಾಸ್ತಿ ಆಗುತ್ತೆ, ಆದ್ರೆ ನೀವು ವೈಫೈ ಬಳಸ್ತಾನೇ ಇಲ್ಲ ಅನ್ಸುತ್ತೆ. ಇಎಸ್‌ಪಿ32 ತೆಗೆದು ರೇಡಿಯೋ ಇಲ್ಲದ ಸಾದಾ ಮೈಕ್ರೋಕಂಟ್ರೋಲರ್ ಹಾಕಿದ್ರೆ ವೈಫೈ-ಬ್ಲೂಟೂತ್‌ಗೋಸ್ಕರ ಮಾಡಬೇಕಾದ ಇಟಿಎ (ರೇಡಿಯೋ ಸಾಧನದ ಸರ್ಕಾರಿ ಅನುಮತಿ) ಕೆಲಸವೂ ತಪ್ಪುತ್ತೆ. ಬ್ಲೂಟೂತ್ ಬೇಕೇಬೇಕು ಅಂದ್ರೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲಲ್ಲಿ ಸ್ವಯಂ ಘೋಷಣೆ ಮಾಡಿ.

ಬೋರ್ಡ್-ಸರ್ವರ್ ಮಧ್ಯೆ ಮೆಸೇಜ್ ಸಾಗಿಸೋ ಎಂಕ್ಯೂಟಿಟಿಯಲ್ಲಿ ಕೀಪ್-ಅಲೈವ್ (ಸಂಪರ್ಕ ಇದೆಯಾ ಅಂತ ನೋಡೋ ಪಿಂಗ್) 4 ನಿಮಿಷ ಇಡಿ. ಪಿಂಗ್‌ಗಳೇ ಆದ್ರೆ ತಿಂಗಳಿಗೆ 2 ಎಂಬಿ ಒಳಗೆ ಮುಗಿಯುತ್ತೆ. ಡೇಟಾ ತಿನ್ನೋದು ಸಿಗ್ನಲ್ ಬಿದ್ದು ಎದ್ದಾಗಲೆಲ್ಲ ಆಗೋ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಸುರಕ್ಷಿತ ಸಂಪರ್ಕ ಮತ್ತೆ ಕಟ್ಟೋದು). ದಿನಕ್ಕೆ ನೂರು ಸಲ ಆದ್ರೆ ತಿಂಗಳಿಗೆ 15 ಎಂಬಿ. ಪ್ಲಾನ್ ತಗೊಳ್ಳೋವಾಗ ಇದನ್ನ ನೋಡಿ ತಗೊಳ್ಳಿ.

ಆಂಟೆನಾ ತಗಡಿನ ಪೆಟ್ಟಿಗೆ ಒಳಗೆ ಬೇಡ. ವೈರ್ ಹೊರಗೆ ತರೋ ಗ್ಲ್ಯಾಂಡ್ ಕೆಳಮುಖ ಇರಲಿ, ಮೇಲಿಂದ ತೂತು ಹೊಡೆದ್ರೆ ಮೊದಲ ಮಳೆಗೇ ನೀರು.

---

ಬಟವಾಡೆ_ಲೆಕ್ಕ ಉತ್ತರ:

ಬೋರ್ಡ್ ವಿಷಯ ಬಲ್ಲವರು ಹೇಳಿದ್ದಾರೆ. ನಾನು ದುಡ್ಡಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪೋಸ್ಟಿನಲ್ಲಿ ₹2,350 ಮತ್ತು ₹5,500 ಪಕ್ಕಪಕ್ಕ ಕೂತಿವೆ, ನೋಡಿದವರಿಗೆ ಅರ್ಧಕ್ಕರ್ಧ ಲಾಭ ಅನಿಸುತ್ತದೆ. ಬಿಡಿಸಿ ನೋಡೋಣ.

₹5,500ರಲ್ಲಿ ಶೇ 18 ಜಿಎಸ್‌ಟಿ ತೆಗೆದರೆ ₹4,661. ಅಂಗಡಿಯವನಿಗೆ ಶೇ 20 ಕೊಟ್ಟರೆ ₹3,729. ಫಿಟ್ಟಿಂಗ್ ಮಾಡಿದ ಮೆಕ್ಯಾನಿಕ್‌ಗೆ ₹500, ಉಳಿದದ್ದು ₹3,229. ಬೋರ್ಡ್ ಖರ್ಚು ಕಳೆದರೆ ₹879. ಸಿಮ್ ಮತ್ತು ಸರ್ವರ್‌ಗೆ ತಿಂಗಳಿಗೆ ₹30 ಹಿಡಿದರೂ ಮೊದಲ ವರ್ಷ ₹360. ಕೈಯಲ್ಲಿ ₹519. ಚಿಂತಾಮಣಿಯಿಂದ ರಾಯಲ್ಪಾಡು ಕಡೆಗೆ ಒಬ್ಬ ಹುಡುಗನನ್ನು ಬೈಕಿನಲ್ಲಿ ಕಳಿಸಿದರೆ ಪೆಟ್ರೋಲು, ಅರ್ಧ ದಿನದ ಸಂಬಳ ಸೇರಿ ₹600. ಅಂದರೆ ಒಂದೇ ಒಂದು ದೂರು ಬಂದರೂ ಆ ಪೀಸಿನಲ್ಲಿ ₹81 ನಷ್ಟ. ಈಗ ಬೋರ್ಡ್ ಖರ್ಚು ₹2,900ಕ್ಕೆ ಏರಿದರೆ ದೂರು ಬರದಿದ್ದರೂ ₹31 ನಷ್ಟ. 4ಜಿ ಮೋಡೆಮ್ ಖರ್ಚು ಇನ್ನೂ ಸೇರಿಸಿಲ್ಲ.

ಈ ವ್ಯಾಪಾರದಲ್ಲಿ ದುಬಾರಿ ಭಾಗ ಬೋರ್ಡ್ ಅಲ್ಲ, ಬೈಕು. ಇಷ್ಟು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತದೆ.

ಒಂದು, ಬೆಲೆ ₹7,000 ಮಾಡಿ. ಅದೇ ಲೆಕ್ಕದಲ್ಲಿ ₹2,900 ಬೋರ್ಡ್‌ಗೆ ₹986 ಉಳಿಯುತ್ತದೆ. ರೈತ ಹೋಲಿಸುವುದು ಬೇರೆ ಕಂಪನಿಯ ಪೆಟ್ಟಿಗೆಯ ಜೊತೆ ಅಲ್ಲ. ಸಾವಿರ ಅಡಿಯಿಂದ ಮೋಟಾರ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಇಳಿಸುವ ಬಿಲ್ಲಿನ ಜೊತೆ. ಆ ಬಿಲ್ಲು ₹7,000ದ ಎಷ್ಟು ಪಟ್ಟು ಎಂದು ಅವನಿಗೆ ನೀವು ಹೇಳಬೇಕಾಗಿಲ್ಲ. ಹಾಗಾದರೆ ನೀವು ಮಾರುತ್ತಿರುವುದು ಮೊಬೈಲ್ ಆನ್-ಆಫ್ ಅಲ್ಲ, ಮೋಟಾರ್ ಉಳಿಸುವ ಪೆಟ್ಟಿಗೆ. ಫೇಸ್ ಹೋದದ್ದು ಹಿಡಿಯದ ಪೆಟ್ಟಿಗೆಯನ್ನು ಆ ಮಾತು ಹೇಳಿ ಮಾರಲಾಗದು, ಅದಕ್ಕೇ ಮಾಲೂರಿನವರ ನಾಲ್ಕನೇ ಅಂಶ ಮೊದಲು.

ಎರಡು, ಮೂರು ತಾಲ್ಲೂಕು ಬಿಡಿ. 200 ಪೀಸನ್ನು ಹತ್ತು-ಹನ್ನೆರಡು ಊರಿನಲ್ಲಿ ಹಾಕಿ. ಒಂದು ಸಲ ಹೋದವನು ಐದು ಪೆಟ್ಟಿಗೆ ನೋಡಿಕೊಂಡು ಬಂದರೆ ₹600 ಐದು ಭಾಗವಾಗುತ್ತದೆ. ಯಾವ ಊರು ಎಂದರೆ, ದುಡ್ಡು ತಿರುಗುವ ಕಡೆ. ಟೊಮೆಟೊ ಬೆಳೆಗಾರನ ಕೈಯಲ್ಲಿ ದುಡ್ಡು ಇದ್ದರೆ ತುಂಬಾ ಇರುತ್ತದೆ, 15 ಕೆಜಿ ಬಾಕ್ಸ್ ನೂರಕ್ಕೆ ಇಳಿದ ವಾರ ಫೋನೇ ಎತ್ತುವುದಿಲ್ಲ. ಮಾವಿನವನದು ವರ್ಷಕ್ಕೊಂದೇ ಸಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಿಪ್ಪುನೇರಳೆ ತೋಟದವರಿಗೆ ಗೂಡಿನ ದುಡ್ಡು ಬೆಳೆಬೆಳೆಗೂ ಬರುತ್ತದೆ, ಸೊಪ್ಪಿಗೆ ನೀರು ತಪ್ಪಿದರೆ ಹುಳು ಕಾಯುವುದಿಲ್ಲ ಎನ್ನುವ ಭಯವೂ ಇದೆ. ಜೊತೆಗೆ ಹಸು ಕಟ್ಟಿದ್ದರೆ ಡೇರಿ ಬಟವಾಡೆ. ಕಂತು ಕಟ್ಟಿಸಿಕೊಳ್ಳಲು ಇವರೇ ಸರಿ.

ಮೂರು, ಮೋಟಾರ್ ವೈಂಡಿಂಗ್ ಅಂಗಡಿ. ರೈತ ನಂಬುವುದು ಅವನನ್ನು. ಆದರೆ ನಿಮ್ಮ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡಿದಷ್ಟೂ ಅವನ ಅಂಗಡಿಗೆ ಸುಟ್ಟ ಮೋಟಾರ್ ಬರುವುದು ಕಡಿಮೆ. ಇದನ್ನು ಕಣ್ಣುಮುಚ್ಚಿ ದಾಟಲು ಹೋದರೆ "ಆ ಪೆಟ್ಟಿಗೆಯಿಂದಲೇ ಮೋಟಾರ್ ಹೋಯ್ತು" ಎಂಬ ಮಾತು ಸಂತೆಯ ಹೊತ್ತಿಗೆ ಊರೆಲ್ಲ ಹಬ್ಬಿರುತ್ತದೆ. ಅವನಿಗೆ ಫಿಟ್ಟಿಂಗ್‌ಗೆ ₹500, ಬೋರ್ಡ್ ಬದಲಿಸಿದರೆ ₹200, ಅದೇ ದಿನ ಯುಪಿಐ. ಎರಡು ಬದಲಿ ಬೋರ್ಡ್ ಅವನ ಅಂಗಡಿಯಲ್ಲೇ ಇರಲಿ. ಟರ್ಮಿನಲ್ ಎಲ್ಲ ಕಿತ್ತು ಚುಚ್ಚುವ ಬಗೆಯದಿದ್ದರೆ ಹತ್ತು ನಿಮಿಷದ ಕೆಲಸ, ನಿಮ್ಮ ಬೈಕು ಮನೆಯಲ್ಲೇ.

ಎರಡನೇ ವರ್ಷದ ರೀಚಾರ್ಜ್ ಕಟ್ಟದಿದ್ದರೆ ಪೆಟ್ಟಿಗೆ ಬಂದ್ ಮಾಡುವ ಯೋಚನೆ ಬೇಡ. ಮೊಬೈಲ್ ಕಂಟ್ರೋಲ್ ಮಾತ್ರ ನಿಲ್ಲಲಿ. ಫೇಸ್, ಡ್ರೈ ರನ್, ಟೈಮರ್ ನಡೆಯುತ್ತಿರಲಿ. ಇನ್ನೂ ಒಳ್ಳೆಯದು, ಮೂರು ವರ್ಷದ್ದು ಮುಂಚೆಯೇ ಬೆಲೆಯಲ್ಲಿ ಸೇರಿಸಿಬಿಡಿ.

ಹೇಳದೆ ಇರಲಾರೆ: ಕಂಪನಿಯೇ ಇಲ್ಲ, ಆದರೂ "ಜಿಎಸ್‌ಟಿ ಸೇರಿ" ಎಂದು ಬರೆದಿದ್ದೀರಿ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಬಿಲ್ಲಿನ ಮೇಲೆ ಆ ಪದ ಇದ್ದರೆ ಇವತ್ತೇ ತೆಗೆಯಿರಿ.

---

ತಾಮಕ_ಫೈಲ್ ಉತ್ತರ:

ಕಂಪನಿ ಮತ್ತು ಯೋಜನೆಗಳ ಬಗ್ಗೆ. ಇಲ್ಲಿ ಒಂದು ಕವಲು ಇದೆ, ತಪ್ಪು ಕಡೆ ತಿರುಗಿದರೆ ವಾಪಸ್ ಬರುವುದು ಕಷ್ಟ.

ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಸಾಲ-ಸಬ್ಸಿಡಿ ವ್ಯಕ್ತಿಗಳಿಗೆ, ಹೊಸ ಘಟಕಕ್ಕೆ. ತಯಾರಿಕೆಗೆ ₹50 ಲಕ್ಷದವರೆಗಿನ ಯೋಜನೆ. ಸಬ್ಸಿಡಿ ಸಾಮಾನ್ಯ ವರ್ಗಕ್ಕೆ ಪಟ್ಟಣದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಮಹಿಳೆಯರು ಮತ್ತು ಮೀಸಲು ವರ್ಗಗಳಿಗೆ ಶೇ 25 ಮತ್ತು 35. ಸಬ್ಸಿಡಿ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಇದು ಸಿಗುವುದಿಲ್ಲ. ಇನ್ನೊಂದು ಕಡೆ, ಡಿಪಿಐಐಟಿಯ (ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ) ಸ್ಟಾರ್ಟ್‌ಅಪ್ ಮಾನ್ಯತೆ ಒಂಟಿ ಮಾಲೀಕತ್ವದ ಸಂಸ್ಥೆಗೆ ಸಿಗುವುದಿಲ್ಲ. ಎರಡು ದೋಣಿಯ ಮೇಲೆ ಕಾಲಿಡಲಾಗದು. ಮೂವರಿದ್ದೀರಿ, ಹೊರಗಿನ ಬಂಡವಾಳದ ಆಸೆಯೂ ಇದೆ, ಆದ್ದರಿಂದ ಪ್ರೈವೇಟ್ ಲಿಮಿಟೆಡ್ ಸರಿ ಎನ್ನುವುದು ನನ್ನ ಅಭಿಪ್ರಾಯ. ಎಲ್‌ಎಲ್‌ಪಿಯಲ್ಲಿ (ಸೀಮಿತ ಹೊಣೆಯ ಪಾಲುದಾರಿಕೆ) ವಹಿವಾಟು ₹40 ಲಕ್ಷ, ಬಂಡವಾಳ ₹25 ಲಕ್ಷ ದಾಟುವವರೆಗೆ ಆಡಿಟ್ ಇಲ್ಲ ಎಂಬ ಆಕರ್ಷಣೆ ಇದೆ, ಆದರೆ ಷೇರಿನ ಮೇಲೆ ಹಣ ಹಾಕುವವರು ಎಲ್‌ಎಲ್‌ಪಿ ಎಂದರೆ ಹಿಂದೆ ಸರಿಯುತ್ತಾರೆ.

ಕಂಪನಿ ನೋಂದಣಿಯ ಸ್ಪೈಸ್ ಪ್ಲಸ್ ಫಾರಂನಲ್ಲಿ ₹15 ಲಕ್ಷದವರೆಗಿನ ಅಧಿಕೃತ ಬಂಡವಾಳಕ್ಕೆ ಕಂಪನಿ ವ್ಯವಹಾರಗಳ ಸಚಿವಾಲಯದ ಶುಲ್ಕ ಸೊನ್ನೆ, ಸ್ಟಾಂಪ್ ಡ್ಯೂಟಿ ಮಾತ್ರ. ಹೊಸಬರು ಎಡವುವುದು ಆಮೇಲೆ. ಷೇರು ಹಣವನ್ನು ಕಂಪನಿ ಖಾತೆಗೆ ಹಾಕಿ 180 ದಿನದೊಳಗೆ ಐಎನ್‌ಸಿ-20ಎ (ವ್ಯವಹಾರ ಆರಂಭದ ಘೋಷಣೆ) ಸಲ್ಲಿಸಬೇಕು. ತಪ್ಪಿದರೆ ಕಂಪನಿಗೆ ₹50,000 ದಂಡ, ನಿರ್ದೇಶಕರಿಗೆ ದಿನಕ್ಕೆ ₹1,000. ವ್ಯವಹಾರ ಸೊನ್ನೆ ಇದ್ದರೂ ವರ್ಷವರ್ಷ ಆಡಿಟ್, ಎಒಸಿ-4 (ಲೆಕ್ಕಪತ್ರ), ಎಂಜಿಟಿ-7ಎ (ಸಣ್ಣ ಕಂಪನಿಯ ವಾರ್ಷಿಕ ವಿವರ) ತಪ್ಪುವುದಿಲ್ಲ; ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ ₹100.

ಸರ್ಕ್ಯೂಟ್, ಪಿಸಿಬಿ ಫೈಲು, ಕೋಡು ಈಗ ನಿಮ್ಮಲ್ಲಿ ಯಾರು ಬರೆದರೋ ಅವರದು. ಕಂಪನಿ ಆದ ವಾರವೇ ಅವನ್ನು ಕಂಪನಿಗೆ ಬರೆದುಕೊಡುವ ಒಪ್ಪಂದ ಮಾಡಿ. ಮೂವರ ಷೇರಿಗೂ ನಾಲ್ಕು ವರ್ಷದ ವೆಸ್ಟಿಂಗ್ (ಷೇರು ಹಂತಹಂತವಾಗಿ ಕೈಸೇರುವುದು), ಮೊದಲ ವರ್ಷ ಮುಗಿಯದೆ ಏನೂ ಇಲ್ಲ ಎಂಬ ಷರತ್ತು ಇರಲಿ. ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದಾಗ ಶೇ 33 ಷೇರು ಅವನ ಜೊತೆಗೇ ಹೋದರೆ ಉಳಿದಿಬ್ಬರಿಗೆ ಯಾರೂ ಹಣ ಹಾಕುವುದಿಲ್ಲ.

ಜಿಎಸ್‌ಟಿ: ಸರಕು ಮಾರಾಟಕ್ಕೆ ₹40 ಲಕ್ಷದ ಮಿತಿ ಎಂದು ನಿಶ್ಚಿಂತರಾಗಬೇಡಿ. ನೀವಿರುವುದು ಗಡಿಯಲ್ಲಿ. ಆಂಧ್ರದ ಮದನಪಲ್ಲಿಗೋ ಪುಂಗನೂರಿಗೋ ಒಂದು ಪೀಸ್ ಮಾರಿದರೂ ಅದು ಅಂತರರಾಜ್ಯ, ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ.

ಗ್ರಾಂಟ್‌ಗಳು. ರಾಜ್ಯದ ಎಲಿವೇಟ್ ಯೋಜನೆಯಲ್ಲಿ ₹50 ಲಕ್ಷದವರೆಗೆ, ಮೈಲಿಗಲ್ಲು ಮುಟ್ಟಿದಂತೆ ಕಂತಿನಲ್ಲಿ. ಕೃಷಿ ಕಡೆಯ ಆರ್‌ಕೆವಿವೈಯಲ್ಲಿ (ರಾಷ್ಟ್ರೀಯ ಕೃಷಿ ವಿಕಾಸ ಯೋಜನೆ, ಹಿಂದಿನ ಹೆಸರು ಆರ್‌ಕೆವಿವೈ-ರಫ್ತಾರ್) ಐಡಿಯಾ ಹಂತಕ್ಕೆ ₹5 ಲಕ್ಷ, ಸೀಡ್ ಹಂತಕ್ಕೆ ₹25 ಲಕ್ಷದವರೆಗೆ, ಕೃಷಿ ಇನ್‌ಕ್ಯುಬೇಟರ್ (ಹೊಸ ಉದ್ಯಮ ಬೆಳೆಸುವ ಕೇಂದ್ರ) ಮೂಲಕ. ಕೇಂದ್ರದ ಸೀಡ್ ಫಂಡ್ 2021ರಲ್ಲಿ ನಾಲ್ಕು ವರ್ಷಕ್ಕೆಂದು ಶುರುವಾದದ್ದು. ಅರ್ಜಿ ತೆರೆದಿದೆಯೇ ಎಂದು ಪೋರ್ಟಲ್ ನೋಡಿಯೇ ಲೆಕ್ಕಕ್ಕೆ ಹಿಡಿಯಿರಿ. ಅದರ ನಿಯಮದಲ್ಲಿ ಕಂಪನಿಗೆ ಎರಡು ವರ್ಷ ಮೀರಿರಬಾರದು, ಆದ್ದರಿಂದ ಸುಮ್ಮನೆ ಬೇಗ ರಿಜಿಸ್ಟರ್ ಮಾಡಿ ಕೂರುವುದೂ ಜಾಣತನವಲ್ಲ. ಯಾವ ಗ್ರಾಂಟ್ ಆದರೂ ಅರ್ಜಿಯಿಂದ ಹಣದವರೆಗೆ ತಿಂಗಳುಗಳು ಹಿಡಿಯುತ್ತವೆ. ಮುಂದಿನ ಬೇಸಿಗೆಯ 200 ಪೀಸಿನ ಸಾಮಾನು ಅದರಲ್ಲಿ ಕೊಳ್ಳುವ ಯೋಜನೆ ಹಾಕಬೇಡಿ.

ಪೇಟೆಂಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಮಾಡಿಸಿ ಎನ್ನುತ್ತಾರೆ. ಫೋನಿನಿಂದ ಪಂಪ್ ನಡೆಸುವುದು ಹೊಸದೇನಲ್ಲ, ಆ ಖರ್ಚು ಬೇಡ. ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿ, ಸ್ಟಾರ್ಟ್‌ಅಪ್ ಅಥವಾ ಸಣ್ಣ ಉದ್ದಿಮೆಗೆ ಒಂದು ವರ್ಗಕ್ಕೆ ₹4,500.

---

ಚಿಂತಾಮಣಿ_ಮೂರುಫೇಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಲ್ ಪುಸ್ತಕದಲ್ಲಿ ಜಿಎಸ್‌ಟಿ ಅಂತ ಇಲ್ಲ, ಬಾಯಲ್ಲಿ ಹೇಳ್ತಿದ್ವಿ, ನಿಲ್ಲಿಸ್ತೀವಿ. ಮಾಲೂರಿನವರಿಗೆ ಎರಡು ಪ್ರಶ್ನೆ. ಹಳೇ ಆಯಿಲ್ ಸ್ಟಾರ್ಟರ್ ಇರೋ ಕಡೆ ಏನು ಮಾಡೋದು? ಹೊಸ ಬೋರ್ಡನ್ನ ಹೊಲಕ್ಕೆ ಹಾಕೋ ಮುಂಚೆ ಅಂಗಡಿಯಲ್ಲೇ ಹೇಗೆ ಪರೀಕ್ಷೆ ಮಾಡೋದು?

---

ಮಾಲೂರು_ಪ್ಯಾನೆಲ್:

ಕೈಯಲ್ಲಿ ಹಿಡಿ ಎತ್ತೋ ಆಯಿಲ್ ಸ್ಟಾರ್ಟರನ್ನ ನೀವು ನಿಲ್ಲಿಸಬಹುದು, ಎಬ್ಬಿಸೋಕಾಗಲ್ಲ. ನೋ-ವೋಲ್ಟ್ ಕಾಯಿಲ್ (ಕರೆಂಟ್ ಇರೋವರೆಗೆ ಹಿಡಿಯನ್ನ ಮೇಲೇ ನಿಲ್ಲಿಸೋ ಕಾಯಿಲ್) ಸೀರೀಸಲ್ಲಿ ಸ್ಟಾಪ್ ರಿಲೇ ಹಾಕಿದ್ರೆ ಹಿಡಿ ಬೀಳುತ್ತೆ, ಅಷ್ಟೇ. ಅಂಥವರಿಗೆ "ರಕ್ಷಣೆ ಮಾತ್ರ" ಅಂತ ಕಡಿಮೆ ಬೆಲೆಗೆ ಕೊಡಿ, ಇಲ್ಲವೇ ಕಾಂಟ್ಯಾಕ್ಟರ್ ಸ್ಟಾರ್ಟರ್ ಹಾಕಿಸಿದ ಮೇಲೇ ಬನ್ನಿ. ಆರ್ಡರ್ ತಗೊಳ್ಳೋ ಮುಂಚೆ ಸ್ಟಾರ್ಟರ್ ಪೆಟ್ಟಿಗೆ ಬಾಗಿಲು ತೆಗೆದ ಒಂದು ಫೋಟೋ ವಾಟ್ಸಾಪಲ್ಲಿ ತರಿಸಿಕೊಳ್ಳಿ. ಕಾಯಿಲ್ ಮೇಲೆ ಬರೆದಿರೋ ವೋಲ್ಟ್, ಒಳಗಿನ ಜಾಗ, ಇರುವೆ ಗೂಡು ಎಲ್ಲ ಅದರಲ್ಲೇ ಕಾಣುತ್ತೆ. ಇರುವೆ, ಹಲ್ಲಿ ತಮಾಷೆ ಅಲ್ಲ. ಕಾಂಟ್ಯಾಕ್ಟ್ ಮಧ್ಯೆ ಸಿಕ್ಕಿದ್ರೆ ಕಾಂಟ್ಯಾಕ್ಟರ್ ಪೂರ್ತಿ ಕೂರಲ್ಲ. ಬೋರ್ಡ್ ಮೇಲೆ 415 ವೋಲ್ಟ್ ಇರೋ ಟ್ರ್ಯಾಕ್‌ಗಳ ಮಧ್ಯೆ 6 ಮಿಮೀಗಿಂತ ಕಡಿಮೆ ಬಿಡಬೇಡಿ, ರಿಲೇ ಕೆಳಗೆ ಸೀಳು ಕೊರೆಸಿ, ಮೇಲೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯೋ ಲೇಪ) ಹೊಡೆಸಿ.

ಇನ್ನೊಂದು ಬಿಟ್ಟಿದ್ದೆ. ಮ್ಯಾನುಯಲ್/ಆಟೋ ಸೆಲೆಕ್ಟರ್ ಸ್ವಿಚ್ ಕಡ್ಡಾಯ. ಮ್ಯಾನುಯಲ್‌ಗೆ ತಿರುಗಿಸಿದ್ರೆ ನಿಮ್ಮ ಎರಡೂ ರಿಲೇ ಸರ್ಕ್ಯೂಟಿಂದ ಪೂರ್ತಿ ಹೊರಗೆ ಹೋಗ್ಬೇಕು: ಸ್ಟಾಪ್ ರಿಲೇ ಮೇಲೆ ಅಡ್ಡ ಜೋಡಣೆ, ಸ್ಟಾರ್ಟ್ ರಿಲೇ ವೈರ್ ಕಟ್. ಬೋರ್ಡ್ ಸತ್ತರೂ ಹಸಿರು ಬಟನ್ ಒತ್ತಿದ್ರೆ ನೀರು ಬರ್ಬೇಕು. ಇದೊಂದಿದ್ರೆ ರಾತ್ರಿ ಹನ್ನೊಂದಕ್ಕೆ ಬರೋ ಫೋನು ಬೆಳಗ್ಗೆ ಒಂಬತ್ತಕ್ಕೆ ಬರುತ್ತೆ.

ಪರೀಕ್ಷೆಗೆ ಒಂದು ತ್ರೀ ಫೇಸ್ ಕನೆಕ್ಷನ್, 1 ಎಚ್‌ಪಿ ಮೋಟಾರ್, 415 ಕಾಯಿಲಿನ ಕಾಂಟ್ಯಾಕ್ಟರ್ ಸಾಕು. ಮೊದಲು ರಿಲೇ: ಮೂರು ಸೆಕೆಂಡಿಗೊಂದು ಸಲ ಆನ್-ಆಫ್, 10,000 ಸಲ. ಎಂಟೂಕಾಲು ಗಂಟೆ ಚಿಲ್ಲರೆ, ರಾತ್ರಿ ಹಾಕಿ ಮಲಗಿ. ಈ ಪರೀಕ್ಷೆಗೆ ಮೋಟಾರ್ ಜೋಡಿಸಬೇಡಿ, ಬರೀ ಕಾಯಿಲ್. ಆಮೇಲೆ ಮೋಟಾರ್ ಓಡ್ತಿರೋವಾಗ ಒಂದೊಂದೇ ಫೇಸನ್ನ ಎಂಸಿಬಿಯಲ್ಲಿ ಬಿಡಿಸಿ, ಮೂರು ಫೇಸಿಗೂ, ಹತ್ತತ್ತು ಸಲ. ಮೂವತ್ತಕ್ಕೆ ಮೂವತ್ತೂ ಹಿಡೀಬೇಕು. 1 ಎಚ್‌ಪಿ ಆಂಪ್ ಚಿಕ್ಕದು, ಹಾಗಾಗಿ ವೈರನ್ನ ಸಿಟಿ ಒಳಗೆ ಹತ್ತು ಸುತ್ತು ಸುತ್ತಿ. ಮೂರನೇದು ಬಿಸಿ: ಮುಚ್ಚಿದ ತಗಡಿನ ಪೆಟ್ಟಿಗೆಯಲ್ಲಿ ಬಲ್ಬ್ ಉರಿಸಿ 65 ಡಿಗ್ರಿಗೆ ತಂದು 12 ಗಂಟೆ, ಮೋಡೆಮ್ ಡೇಟಾ ಕಳಿಸ್ತಾನೇ ಇರಲಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ 85 ಡಿಗ್ರಿಯದು ಹಾಕಿದ್ರೆ ತೆಗೆದು 105 ಡಿಗ್ರಿಯದು ಹಾಕಿ. ಸರ್ಜ್ (ಸಿಡಿಲಿನಂಥ ವೋಲ್ಟೇಜ್ ಹೊಡೆತ) ಪರೀಕ್ಷೆ ಮನೆಯಲ್ಲಿ ಮಾಡೋ ಸಾಹಸ ಬೇಡ. ಪೀಣ್ಯದ ಇಟಿಡಿಸಿ (ಸರ್ಕಾರಿ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರ) ತರದ ಲ್ಯಾಬಲ್ಲಿ ಎರಡು ಬೋರ್ಡ್ ಕೊಟ್ಟು ಮಾಡಿಸಿ, ಒಂದು ಸಾಯೋವರೆಗೂ ಹೊಡೀರಿ ಅಂತ ಕೇಳಿ. ಯಾವ ಪಾರ್ಟ್ ಮೊದಲು ಹೋಗುತ್ತೆ ಅನ್ನೋದು ಗೊತ್ತಾದ್ರೆ ವೈಂಡಿಂಗ್ ಅಂಗಡಿಯಲ್ಲಿ ಯಾವ ಬದಲಿ ಇಡಬೇಕು ಅನ್ನೋದೂ ಗೊತ್ತಾಗುತ್ತೆ.

ಆಮೇಲೆ 20 ಪೀಸ್ ಮಾತ್ರ, ಸಾಧ್ಯವಾದ್ರೆ ಎರಡೇ ಟಿಸಿ ಮೇಲೆ. ಫಿಟ್ ಮಾಡೋ ಹುಡುಗರಿಗೆ ಒಂದು ಮಾತು ಹೇಳಿಕೊಡಿ: ಪೆಟ್ಟಿಗೆ ಒಳಗೆ ಕೈ ಹಾಕೋ ಮುಂಚೆ ಮೂರೂ ಫ್ಯೂಸ್ ಕ್ಯಾರಿಯರ್ ಕಿತ್ತು ಪ್ಯಾಂಟ್ ಜೇಬಲ್ಲಿ ಇಟ್ಕೋಬೇಕು. ಕರೆಂಟ್ ಇಲ್ಲ ಅಂದುಕೊಂಡಿದ್ದಾಗಲೇ ತ್ರೀ ಫೇಸ್ ಬರೋದು.